‘ಚೆನ್ನಾಗಿದೆ’ ಎಂದ ಮೇಲೆ ಏನು ಹೇಳುವುದು?

ಪ್ರಶ್ನೆ: ನಾವು ಏಳೆಂಟು ಜನ ಗೆಳತಿಯರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಕಾಫಿ ಆದ ಮೇಲೆ ಒಬ್ಬೊಬ್ಬರೂ ಈಗ ಯಾವ ಆಲ್ಬಮ್ ಕೇಳುತ್ತಿದ್ದೇವೆ, ಯಾಕೆ ಅಂತ ಹೇಳಬೇಕು. ನನ್ನ ಸರದಿ ಬಂದಾಗ ‘ತುಂಬಾ ಚೆನ್ನಾಗಿದೆ, ಮನಸ್ಸಿಗೆ ಹಿತ’ ಎಂದು ನಿಲ್ಲಿಸಿಬಿಡುತ್ತೇನೆ. ನಾನು ಸಂಗೀತ ಕಲಿತವಳಲ್ಲ. ಫೋನಿನಲ್ಲಿ ಬಿಡಿ ಹಾಡು ಕೇಳಿಯೇ ರೂಢಿ. ಆಲ್ಬಮ್ ಒಂದನ್ನು ಇಡಿಯಾಗಿ ಕೇಳುವುದರಲ್ಲಿ ಏನಾದರೂ ಅರ್ಥವಿದೆಯೇ? ನೀವು ಈಗ ಏನು ಕೇಳುತ್ತಿದ್ದೀರಿ, ಯಾಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದು ಸುಲಭ. ಈ ತಿಂಗಳು ನನ್ನ ಪ್ಲೇಯರಿನ ಮೇಲಿರುವುದು ಹಿಂದೂಸ್ತಾನಿ ಗಾಯಕ ಉಸ್ತಾದ್ ಅಮೀರ್ ಖಾನರ 1960ರ ದೊಡ್ಡ ಪ್ಲೇಟು, ಎಲ್‌ಪಿ. ಒಂದು ಸೈಡು ಮಾರ್ವಾ, ಇನ್ನೊಂದು ಸೈಡು ದರ್ಬಾರಿ. ಮಾರ್ವಾ ಸೈಡನ್ನು ಹತ್ತು ಹನ್ನೊಂದು ಸಲ ಹಾಕಿದ್ದೇನೆ, ದರ್ಬಾರಿಯನ್ನು ಎರಡೇ ಸಲ. ಯಾಕೆ ಎಂದರೆ, ಷಡ್ಜಕ್ಕಾಗಿ, ಸ ರಿ ಗ ಮದ ಮೊದಲ ಸ್ವರ ‘ಸ’ಕ್ಕಾಗಿ.

ಮಾರ್ವಾ ಸೂರ್ಯ ಮುಳುಗುವ ಹೊತ್ತಿನ ರಾಗ. ಅದರಲ್ಲಿ ಪಂಚಮವೇ (ಪ) ಇಲ್ಲ. ರಿಷಭ (ರಿ) ಕೋಮಲ, ಅಂದರೆ ತುಸು ಕೆಳಗಿಳಿದದ್ದು, ಮಧ್ಯಮ (ಮ) ತೀವ್ರ, ತುಸು ಮೇಲೇರಿದ್ದು. ಷಡ್ಜ ಇದೆ, ಆದರೆ ಹಾಡುವವರು ಅಲ್ಲಿ ಕೂರುವುದಿಲ್ಲ. ಕೋಮಲ ರಿಷಭದ ಮೇಲೆ, ಧೈವತದ (ದ) ಮೇಲೆ ನಿಂತು ನಿಂತು ಸುತ್ತುತ್ತಾರೆ. ಹಿಂದೆ ತಂಬೂರಿ ಮಾತ್ರ ಬಿಡದೆ ಷಡ್ಜವನ್ನು ಮೀಟುತ್ತಲೇ ಇರುತ್ತದೆ. ಮನೆಯಲ್ಲಿ ದೀಪ ಹಚ್ಚಿಯಾಗಿದೆ, ಬಾಗಿಲು ತೆರೆದೇ ಇದೆ, ಬರಬೇಕಾದವರು ಬೀದಿಯ ತುದಿಯಲ್ಲಿ ಯಾರೊಡನೆಯೋ ಮಾತಾಡುತ್ತ ನಿಂತುಬಿಟ್ಟಿದ್ದಾರೆ, ಹಾಗೆ. ಬಂದಿಶಿನ, ಅಂದರೆ ರಾಗದಲ್ಲಿ ಕಟ್ಟಿದ ಹಾಡಿನ, ಮಾತೂ ಬೇರೆ ದೇಶಕ್ಕೆ ಹೋದ ಪ್ರಿಯನ ಕುರಿತದ್ದೇ. ಅಮೀರ್ ಖಾನರು ಈ ಕಾಯಿಸುವ ಕೆಲಸವನ್ನು ಎಷ್ಟು ನಿಧಾನವಾಗಿ ಮಾಡುತ್ತಾರೆಂದರೆ, ಷಡ್ಜಕ್ಕೆ ಬಂದು ಇಳಿದಾಗ ನಾನು ಉಸಿರು ಬಿಟ್ಟದ್ದು ನನಗೇ ಕೇಳಿಸುತ್ತದೆ. ಆ ಉಸಿರಿಗಾಗಿ ಮತ್ತೆ ಮುಳ್ಳನ್ನು ಮೊದಲಿಗೆ ತಂದಿಡುತ್ತೇನೆ.

ನಿಮ್ಮ ತೊಂದರೆಗೆ ಮದ್ದು ಇಷ್ಟೇ. ‘ಯಾಕೆ’ ಎಂದು ಕೇಳಿದಾಗ ಒಂದು ಜಾಗ ತೋರಿಸಿ. ಹೊಗಳಿಕೆಯ ಮಾತು ಯಾವ ಆಲ್ಬಮ್ಮಿಗೂ ಹೊಂದುತ್ತದೆ, ಜಾಗ ಒಂದಕ್ಕೇ ಹೊಂದುತ್ತದೆ. ‘ಮನಸ್ಸಿಗೆ ಹಿತ’ ಎಂದರೆ ಗೆಳತಿಯರು ತಲೆಯಾಡಿಸಿ ಚಕ್ಕುಲಿಗೆ ಕೈಹಾಕುತ್ತಾರೆ. ‘ಮೂರನೇ ಹಾಡಿನಲ್ಲಿ ಕೊಳಲು ಬಂದ ಕೂಡಲೇ ಗಾಯಕಿ ದನಿ ತಗ್ಗಿಸುತ್ತಾಳೆ, ಅದನ್ನು ಕೇಳಿ’ ಎಂದು ನೋಡಿ, ಯಾರಾದರೂ ‘ಹಾಕು, ಕೇಳೋಣ’ ಅನ್ನುತ್ತಾರೆ.

ಸಂಗೀತ ಕಲಿತಿಲ್ಲ ಎಂದು ಅಳುಕಬೇಡಿ. ನಮ್ಮಜ್ಜಿಗೆ ಸ ರಿ ಗ ಮ ಗೊತ್ತಿರಲಿಲ್ಲ. ನಾನು ಹುಡುಗನಾಗಿದ್ದಾಗ ಇದೇ ಅಮೀರ್ ಖಾನರ ಟೇಪು ಹಾಕಿಕೊಂಡು ಕೂತಿದ್ದೆ. ಅಜ್ಜಿ ಅಡುಗೆಮನೆಯಿಂದ ಬಂದು ಕಂಬಕ್ಕೊರಗಿ ಸ್ವಲ್ಪ ಹೊತ್ತು ಕೇಳಿ, ‘ಇವ್ನೇನೋ, ಮೊರದಲ್ಲಿ ಅಕ್ಕಿ ಆರಿಸಿದ ಹಾಗೆ ಹಾಡ್ತಾನೆ’ ಎಂದು ಒಳಗೆ ಹೋದಳು. ಎಷ್ಟೋ ವರ್ಷದ ಮೇಲೆ ‘ಮೇರುಖಂಡ’ ಎಂಬ ಮಾತು ಓದಿದೆ. ನಾಲ್ಕೈದು ಸ್ವರಗಳನ್ನು ತೆಗೆದುಕೊಂಡು, ಅವನ್ನು ಹಿಂದೆ ಮುಂದೆ ಮಾಡಿ, ಸಾಧ್ಯವಾದ ಎಲ್ಲ ಜೋಡಣೆಗಳನ್ನೂ ಹುಡುಕುವ ಪದ್ಧತಿ ಅದು. ಅಮೀರ್ ಖಾನರ ಹಾಡುಗಾರಿಕೆಯ ಬೆನ್ನೆಲುಬೇ ಅದು. ಅಜ್ಜಿಗೆ ಹೆಸರು ಗೊತ್ತಿರಲಿಲ್ಲ, ಮೊರ ಗೊತ್ತಿತ್ತು.

ಇನ್ನು ಇಡಿಯಾಗಿ ಕೇಳುವುದರಲ್ಲಿ ಅರ್ಥವಿದೆಯೇ ಎಂಬುದು. ಇದಕ್ಕೆ ‘ಹೌದು’ ಎಂದುಬಿಟ್ಟರೆ ಸುಳ್ಳಾಗುತ್ತದೆ. ಕೆಲವು ಆಲ್ಬಮ್ಮುಗಳು ಬರೀ ಜೋಳಿಗೆ. ಸಿಕ್ಕಿದ್ದನ್ನೆಲ್ಲ ತುಂಬಿ ಬಾಯಿ ಕಟ್ಟಿರುತ್ತಾರೆ. ಅಂಥದರಿಂದ ಒಂದು ಹಾಡು ತೆಗೆದು ಕೇಳಿದರೆ ಯಾರಿಗೂ ನಷ್ಟವಿಲ್ಲ. ಕೆಲವು ಮಾತ್ರ ಅಳತೆಗೆ ಹೊಲಿದವು. ಆ ಅಳತೆ ಕೊಟ್ಟದ್ದು ಬಹುಪಾಲು ಪ್ಲೇಟು, ಟೇಪು. ಇದು ಗೊತ್ತಿದ್ದರೆ ಕೇಳುವ ಕಿವಿಯೇ ಬೇರೆಯಾಗುತ್ತದೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಹಳೆಯ ಪ್ಲೇಟುಗಳನ್ನು ಮೂವತ್ತು ವರ್ಷ ಒರೆಸಿ, ಪಟ್ಟಿ ಮಾಡಿ, ಕಪಾಟಿನಲ್ಲಿ ಜೋಡಿಸಿದವನಿಗೆ ಈ ವಿಷಯ ಸಿಕ್ಕರೆ ಬಿಡುವುದಿಲ್ಲ.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಗೆ ಹಾಡಿದರು. ಆಗಿನ ಪ್ಲೇಟಿನ ಒಂದು ಬದಿಗೆ ಮೂರು ನಿಮಿಷದ ಆಸುಪಾಸು ಸಮಯ. ರಾಗವನ್ನು ನಿಧಾನಕ್ಕೆ ಬಿಡಿಸುವ ಆಲಾಪ ಮಾಡುತ್ತ ಕೂತರೆ ಪ್ಲೇಟೇ ಮುಗಿಯುತ್ತದೆ. ಆದ್ದರಿಂದ ನೇರವಾಗಿ ಬಂದಿಶು, ಕೂಡಲೇ ತಾನು ಎಂಬ ವೇಗದ ಸ್ವರಮಾಲೆ, ಎಲ್ಲ ಓಡುತ್ತ. ಕೊನೆಗೆ ಗಟ್ಟಿ ದನಿಯಲ್ಲಿ ‘ಮೈ ನೇಮ್ ಈಸ್ ಗೌಹರ್ ಜಾನ್!’ ಎಂದು ಕೂಗುತ್ತಾರೆ. ಜಂಬವಲ್ಲ ಅದು. ಅಚ್ಚು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಪ್ಲೇಟಾಗಬೇಕಿತ್ತು. ಇದು ಯಾರ ಹಾಡು ಎಂದು ಅಲ್ಲಿನ ಕೆಲಸದವರಿಗೆ ತಿಳಿಯಲಿ ಎಂದು ಈ ಕೂಗು. ಈಗ ಫೋನಿನಲ್ಲಿ ಅದನ್ನು ಕೇಳಿದವರು ನಗುತ್ತಾರೆ. ನನಗೆ ಮಾತ್ರ ಆ ಮೂರು ನಿಮಿಷದ ಗಡಿಬಿಡಿಯ ಹಿಂದೆ ಗಡಿಯಾರ ಕಾಣುತ್ತದೆ. ಗೌಹರ್ ಜಾನ್ ಕಡೆಗೆ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಮೂರು ನಿಮಿಷ ಎಂದು ಹಗುರವಾಗಿ ನೋಡಬೇಡಿ. ಗದಗಿನ ಹುಡುಗ ಭೀಮಸೇನ ಜೋಶಿ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಹೊರಟದ್ದರ ಹಿಂದೆ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿ ಹಾಡಿನ ಪ್ಲೇಟು ಇತ್ತು. ಒಂದು ಬದಿಯ ಹಾಡು, ಒಂದು ಬಾಳಿನ ದಾರಿ.

ಅಮೆರಿಕದಲ್ಲಿ 1948ರಲ್ಲಿ ಎಲ್‌ಪಿ ಬಂತು. ಬದಿಗೆ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಒಂದೇ ರಾಗವನ್ನು ಉದ್ದಕ್ಕೆ ಬೆಳೆಸುವ ಖಯಾಲ್ ಹಾಡುವವರಿಗೆ ಮೊದಲ ಸಲ ಕಾಲು ಚಾಚಿ ಕೂರುವಷ್ಟು ಜಾಗ. ಆದರೆ ಇಲ್ಲೊಂದು ತಮಾಷೆಯಿದೆ, ನಮ್ಮ ಸಂಗೀತಕ್ಕೇ ಅಂಟಿದ್ದು. ಎಲ್‌ಪಿ ಒಂದು ಸುತ್ತು ತಿರುಗಲು 1.8 ಸೆಕೆಂಡು, ಎಲ್ಲಿದ್ದರೂ ಅಷ್ಟೇ. ಹೊರ ಅಂಚಿನಲ್ಲಿ ಸುತ್ತು ದೊಡ್ಡದು, ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾಯುತ್ತದೆ. ಒಳಗೆ ಲೇಬಲ್ಲಿನ ಹತ್ತಿರ ಬಂದಾಗ 20ರ ಆಸುಪಾಸು. ಅಂದರೆ ಅದೇ ಒಂದು ಸೆಕೆಂಡಿನ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಒತ್ತಿ ತುಂಬಬೇಕು. ಹಾಗಾಗಿ ಪ್ಲೇಟಿನ ಕೊನೆಗೆ ಹೋದ ಹಾಗೆ ಸದ್ದು ಮಂಕಾಗುತ್ತದೆ, ಜೋರಾದ ಕಡೆ ಒಡೆಯುತ್ತದೆ. ಸಿನಿಮಾ ಹಾಡಿನ ಎಲ್‌ಪಿಯಾದರೆ ಮೆತ್ತನೆಯ ಹಾಡೊಂದನ್ನು ಕೊನೆಗಿಟ್ಟು ಪಾರಾಗಬಹುದು. ಖಯಾಲನ್ನು ಏನು ಮಾಡುತ್ತೀರಿ? ಅದು ನಿಧಾನಕ್ಕೆ ಶುರುವಾಗಿ ಏರುತ್ತ ಏರುತ್ತ, ದ್ರುತ್ ಎಂಬ ವೇಗದ ಭಾಗ, ತಾನು, ತಬಲಾದ ಅಬ್ಬರ ಎಲ್ಲವೂ ಸರಿಯಾಗಿ ಆ ಬಡ ಗೆರೆಗಳ ಮೇಲೇ ಬಂದು ಬೀಳುತ್ತದೆ. ವಿಲಂಬಿತ್ ಎಂಬ ನಿಧಾನದ ಭಾಗಕ್ಕೆ ಒಳ್ಳೆಯ ಜಾಗ ಸಿಕ್ಕಿಬಿಟ್ಟಿರುತ್ತದೆ. ಹಳೆಯ ಎಲ್‌ಪಿಗಳಲ್ಲಿ ಕೊನೆಯ ತಾನುಗಳು ಕರಕರ ಎನ್ನುವುದನ್ನು ಕೇಳಿದರೆ ಗಾಯಕರ ಗಂಟಲನ್ನು ದೂರಬೇಡಿ. ಅದೇ ಕಾರಣಕ್ಕೋ ಏನೋ, ಅಮೀರ್ ಖಾನರ ನಿಧಾನ ಪ್ಲೇಟಿಗೆ ಹೇಳಿ ಮಾಡಿಸಿದ ಹಾಗಿದೆ.

ಕ್ಯಾಸೆಟ್ಟಿನ ಕಥೆ ನಿಮಗೂ ಗೊತ್ತಿರುತ್ತದೆ. ಸಿ-60 ಎಂದರೆ ಬದಿಗೆ 30 ನಿಮಿಷ, ಸಿ-90 ಆದರೆ 45. ಧಾರವಾಡದ ಗೆಳೆಯನೊಬ್ಬ ಮಲ್ಲಿಕಾರ್ಜುನ ಮನ್ಸೂರರ ಬಸಂತಿ ಕೇದಾರವನ್ನು ರೇಡಿಯೊದಿಂದ ಸಿ-60ಕ್ಕೆ ಇಳಿಸಿಕೊಟ್ಟಿದ್ದ. ಅದು ಜೋಡು ರಾಗ. ಷಡ್ಜದಿಂದ ಮಧ್ಯಮಕ್ಕೆ ನೇರವಾಗಿ ಹಾರಿದರೆ ಕೇದಾರ, ಮೇಲಿನ ಷಡ್ಜದ ಸುತ್ತ ಕೋಮಲ ರಿಷಭ ಧೈವತಗಳು ಇಣುಕಿದರೆ ಬಸಂತ್. ಮನ್ಸೂರರು ಒಂದೇ ಉಸಿರಿನಲ್ಲಿ ಈ ಮನೆಯಿಂದ ಆ ಮನೆಗೆ ಹೋಗುತ್ತಾರೆ, ನಡುವೆ ಹೊಸ್ತಿಲು ಎಲ್ಲಿತ್ತು ಎಂದೇ ತಿಳಿಯುವುದಿಲ್ಲ. ಆ ಹೊಸ್ತಿಲು ಹುಡುಕುತ್ತ ಟೇಪನ್ನು ಎಷ್ಟು ಸಲ ಹಿಂದಕ್ಕೆ ಓಡಿಸಿದೆನೋ. 30 ನಿಮಿಷಕ್ಕೆ, ಒಂದು ತಾನು ಮೇಲಕ್ಕೇರಿ ಇನ್ನೂ ಇಳಿಯಬೇಕು ಎನ್ನುವಾಗ, ಟಕ್ ಎಂದು ಬಟನ್ ಮೇಲೇಳುತ್ತಿತ್ತು. ಹನ್ನೆರಡು ವರ್ಷ ನಾನು ಕೇಳಿದ್ದು ಅಲ್ಲಿಯವರೆಗೆ. ಆಮೇಲೆ ಪೂರ್ತಿ ಧ್ವನಿಮುದ್ರಣ ಸಿಕ್ಕಿತು. ತಾನು ಇಳಿಯಿತು, ಸಮ್‌ಗೆ, ತಾಳದ ಮೊದಲ ಪೆಟ್ಟಿಗೆ, ಬಂತು, ಇನ್ನೂ ನಾಲ್ಕೈದು ನಿಮಿಷ ಹಾಡಿ ಮುಗಿಸಿದರು. ನನಗೆ ಹಿಡಿಸಲಿಲ್ಲ! ನನ್ನ ಕಿವಿಯಲ್ಲಿ ಆ ರಾಗ ಇವತ್ತಿಗೂ ಗಾಳಿಯಲ್ಲೇ ಮುಗಿಯುತ್ತದೆ.

ನಾಚಿಕೆಯ ವಿಷಯವೇನಲ್ಲ, ಆದರೂ ಇದು ಹೇಳಬೇಕಾದದ್ದು. ನಾವು ಪ್ರೀತಿಸುವ ಆಲ್ಬಮ್ಮುಗಳಲ್ಲಿ ಅರ್ಧ ಸಂಗೀತ, ಉಳಿದರ್ಧ ನಾವು ಕೇಳಿದ ಯಂತ್ರ, ಕೋಣೆ, ವಯಸ್ಸು. ಗೆಳತಿಯರಿಗೆ ಅದನ್ನೂ ಹೇಳಿ. ‘ಯಾಕೆ’ ಎಂಬುದಕ್ಕೆ ಅದೂ ಉತ್ತರವೇ, ಜಾಗ ತೋರಿಸಿದರೆ ಸಾಕು.

ಕೆಲವು ಆಲ್ಬಮ್ಮುಗಳು ತಾವಾಗಿಯೇ ಕ್ರಮ ಕೇಳುತ್ತವೆ. 1967ರಲ್ಲಿ ಬಂದ ‘ಕಾಲ್ ಆಫ್ ದ ವ್ಯಾಲಿ’ ಅಂಥದು. ಶಿವಕುಮಾರ್ ಶರ್ಮಾರ ಸಂತೂರು, ಹರಿಪ್ರಸಾದ್ ಚೌರಾಸಿಯಾರ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾರ ಗಿಟಾರು. ಮೂವರಿಗೂ ಆಗ ಮೂವತ್ತರ ಆಸುಪಾಸು. ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ರಾಗಗಳಲ್ಲೇ ಹೇಳುತ್ತಾರೆ. ಅಹೀರ್ ಭೈರವದಲ್ಲಿ ಬೆಳಕು ಹರಿಯುತ್ತದೆ, ಕೊನೆಗೆ ಪಹಾಡಿ. ಇದನ್ನು ಎಷ್ಟೋ ವರ್ಷ ನಾನು ಮೂಗು ಮುರಿದು ದೂರ ಇಟ್ಟಿದ್ದೆ. ಕಾರಣ, ಹೋಟೆಲ್ಲಿನ ಲಿಫ್ಟಿನಿಂದ ದಂತವೈದ್ಯರ ಕೋಣೆಯವರೆಗೆ ಎಲ್ಲಿ ಹೋದರೂ ಇದರದೇ ಚೂರು. ಬಿಡಿ ಚೂರಾಗಿ ಕೇಳಿದರೆ ಅದು ಸುಗಂಧದ ಕಡ್ಡಿ, ಅಷ್ಟೇ. ಒಂದು ಭಾನುವಾರ ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಬೆಳಗಿನ ಸಂತೂರಿನಲ್ಲಿ ಇದ್ದ ಬಿಗಿ ಸಂಜೆಯ ಹೊತ್ತಿಗೆ ಸಡಿಲವಾಗುವುದು, ಮೂರು ವಾದ್ಯಗಳು ಒಂದಕ್ಕೊಂದು ದಾರಿ ಬಿಟ್ಟುಕೊಡುವುದು, ಚೂರುಗಳಲ್ಲಿ ಕಾಣುವುದೇ ಇಲ್ಲ.

ಅದಕ್ಕೇ ಫೋನಿನಲ್ಲಿ ಒಂದು ಸಣ್ಣ ಕೆಲಸ ಮಾಡಿ. ಹಾಡುಗಳನ್ನು ಕಲಸಿ ಹಾಕುವ ಶಫಲ್ ಗುಂಡಿ ಆನ್ ಆಗಿದ್ದರೆ ಆಫ್ ಮಾಡಿ. ಇಂಗ್ಲೆಂಡಿನ ಗಾಯಕಿ ಅಡೆಲ್ ಇದೇ ಬೇಡಿಕೆ ಇಟ್ಟ ಮೇಲೆ 2021ರಲ್ಲಿ ಸ್ಪಾಟಿಫೈನವರು ಆಲ್ಬಮ್ ಪುಟದಲ್ಲಿ ಕಲಸುವ ಗುಂಡಿಯ ಬದಲು ಕ್ರಮವಾಗಿ ನುಡಿಸುವ ಗುಂಡಿಯನ್ನು ಮುಂದಕ್ಕೆ ತಂದರು. ದುಡ್ಡು ಕಟ್ಟದೆ ಕೇಳುವವರಿಗೆ ಆಗ ಆ ಭಾಗ್ಯ ಪೂರ್ತಿ ದಕ್ಕಲಿಲ್ಲ, ನಡುವೆ ಜಾಹೀರಾತು ಬೇರೆ. ಮನೆಯಲ್ಲಿ ಹಳೆಯ ಸಿಡಿ ಇದ್ದರೆ ಅದೇ ಉತ್ತಮ.

ಇನ್ನೊಂದು ಬಗೆಯ ಆಲ್ಬಮ್ ಇದೆ, ಹಳೆಯ ಪ್ಲೇಟುಗಳನ್ನು ಒಟ್ಟುಗೂಡಿಸಿದ್ದು. ಗಂಗೂಬಾಯಿ ಹಾನಗಲ್ಲರ ಅಂಥ ಸಂಗ್ರಹ ಸಿಕ್ಕರೆ ಬಿಡಬೇಡಿ. 1930ರ ದಶಕದ ಪ್ಲೇಟುಗಳಲ್ಲಿ ಅವರದು ತೆಳ್ಳನೆಯ, ಮೇಲೆ ಮೇಲೆ ಹಾರುವ ಹೆಣ್ಣುದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅದು ಇಳಿದು, ನಮಗೆಲ್ಲ ಪರಿಚಯವಿರುವ ಆ ಗಂಡುದನಿಯಂಥ ಗಟ್ಟಿ ಕಂಠವಾಯಿತು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿಸಿದರೆ, ಇಬ್ಬರು ಬೇರೆ ಬೇರೆ ಗಾಯಕಿಯರು ಎಂದು ಪಣ ಕಟ್ಟುವವರಿದ್ದಾರೆ. ಕೇಳುತ್ತ ಕೇಳುತ್ತ ದನಿ ಬದಲಾದರೂ ಸ್ವರದ ಮೇಲೆ ನಿಲ್ಲುವ ಹಟ ಒಂದೇ ಎಂದು ತಿಳಿಯುತ್ತದೆ. ಇಂಥ ಕಡೆ ಹಾಡಿಗಿಂತ ಹಾಡುಗಳ ನಡುವಿನ ವರ್ಷಗಳೇ ಕೇಳುವ ವಸ್ತು.

ಈಗ ನಿಮ್ಮ ಮುಂದಿನ ಸರದಿಯ ವಿಚಾರ. ಅಮೀರ್ ಖಾನರಿಂದ ಶುರು ಮಾಡಿ ಎನ್ನುವುದಿಲ್ಲ. ಶಿವಮೊಗ್ಗದವರು ನೀವು, ‘ನಿತ್ಯೋತ್ಸವ’ದಿಂದ ಶುರು ಮಾಡಿ. 1978ರದ್ದು. ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ಟು ಎಂದು ಹೆಸರಾಗಿದೆ. ಕೆ.ಎಸ್. ನಿಸಾರ್ ಅಹಮದರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. ‘ಅಯ್ಯೋ, ಅದು ಗೊತ್ತಿರುವುದೇ’ ಎನ್ನುತ್ತೀರಿ. ಗೊತ್ತಿರುವುದು ಒಂದು ಹಾಡು. ನವೆಂಬರ್ ಒಂದಕ್ಕೆ ಮಕ್ಕಳು ಮೈಕಿನಲ್ಲಿ ಹಾಡಿ ಹಾಡಿ, ಅದರಲ್ಲಿ ಮಾತಿದೆ ಎಂಬುದೇ ನಮಗೆ ಮರೆತುಹೋಗಿದೆ. ಆ ಕ್ಯಾಸೆಟ್ಟು ಬರುವ ಮುಂಚೆ ಕವಿತೆ ಹಾಡಾಗಿ ಸಿಗುತ್ತಿದ್ದುದು ರೇಡಿಯೊದ ಸುಗಮ ಸಂಗೀತದಲ್ಲಿ, ಸಭೆ ಸಮಾರಂಭಗಳಲ್ಲಿ, ಪಿ. ಕಾಳಿಂಗರಾಯರಂಥವರ ಪ್ಲೇಟುಗಳಲ್ಲಿ. ಪ್ಲೇಟಿನಲ್ಲಿ ಒಂದು ಬದಿಗೆ ಒಂದು ಕವಿತೆ, ಕವಿಯ ಒಂದು ಮುಖ. ಕ್ಯಾಸೆಟ್ಟಿನಲ್ಲಿ ಒಬ್ಬನೇ ಕವಿ ಬದಿಯಿಂದ ಬದಿಗೆ ನಿಮ್ಮ ಜೊತೆ ಕೂರುತ್ತಾನೆ. ಒಂದು ಹಾಡಿನಲ್ಲಿ ನಾಡಿಗೆ ಜೈ ಎಂದವನು ಇನ್ನೊಂದರಲ್ಲಿ ಏನಾಗಿದ್ದಾನೆ ಎಂದು ನೋಡಬಹುದು. ಕನ್ನಡದಲ್ಲಿ ಆಮೇಲೆ ಒಬ್ಬೊಬ್ಬ ಕವಿಯ ಹೆಸರಿನಲ್ಲಿ ಕ್ಯಾಸೆಟ್ಟುಗಳು ಸಾಲುಸಾಲಾಗಿ ಬಂದವಲ್ಲ, ಆ ದಾರಿ ತೆರೆದದ್ದು ಇದು.

ಮೂರು ಸಲ ಕೇಳಿ, ಮೂರು ಬೇರೆ ದಿನ. ಮೊದಲ ಸಲ ಪಾತ್ರೆ ತೊಳೆಯುತ್ತಲೋ ಬಟ್ಟೆ ಮಡಚುತ್ತಲೋ ಕೇಳಿ, ಪರವಾಗಿಲ್ಲ. ಕೈ ಎಲ್ಲಿ ನಿಂತಿತು ಎಂಬುದಷ್ಟನ್ನು ನೆನಪಿಟ್ಟುಕೊಳ್ಳಿ. ಎರಡನೇ ಸಲ ಕೂತು ಕೇಳಿ, ಕೈ ನಿಂತ ಜಾಗದಲ್ಲಿ ಏನಾಯಿತು ನೋಡಿ. ವಾದ್ಯ ನಿಂತಿತೋ, ದನಿ ಏರಿತೋ, ಒಂದು ಪದವನ್ನು ಎಳೆದರೋ. ಮೂರನೇ ಸಲ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ನಮಗೆ ಬೇಸರ ಬಂದದ್ದು ಎಲ್ಲಿ ಎಂದು ಆಗ ಚೆನ್ನಾಗಿ ಗೊತ್ತಾಗುತ್ತದೆ, ಪಕ್ಕದವರು ಫೋನು ನೋಡಲು ಶುರು ಮಾಡಿದ ಜಾಗವೇ ಅದು. ಹಿಡಿಸದ ಜಾಗವನ್ನೂ ಗೆಳತಿಯರಿಗೆ ಹೇಳಿ. ಎಲ್ಲವೂ ಚೆನ್ನಾಗಿದೆ ಎನ್ನುವವರ ಮಾತನ್ನು ನಂಬಿ ನಾನು ಎಷ್ಟು ದುಡ್ಡು ಕಳೆದಿದ್ದೇನೆ ಎಂಬ ಲೆಕ್ಕ ನನ್ನ ಹೆಂಡತಿಯ ಹತ್ತಿರ ಇದೆ.

ನಿಮಗೊಂದು ಜಾಗ ನಾನೇ ತೋರಿಸಿಬಿಡುತ್ತೇನೆ, ಉಳಿದದ್ದು ನೀವು ಹುಡುಕಿಕೊಳ್ಳಿ. ಶೀರ್ಷಿಕೆಯ ಹಾಡಿನಲ್ಲಿ ಜೋಗ ಬರುತ್ತದೆ, ತುಂಗೆ ಬರುತ್ತದೆ, ಎರಡೂ ನಿಮ್ಮ ಊರಿನ ಕಡೆಯವೇ. ಅದಾದ ಕೂಡಲೇ ಸಹ್ಯಾದ್ರಿಯ ಸಾಲಿನಲ್ಲಿ ‘ಲೋಹದದಿರ’ ಎಂಬ ಪದ ಹಾದುಹೋಗುತ್ತದೆ. ಮಕ್ಕಳು ಅದನ್ನು ಒಂದೇ ಉಸಿರಿಗೆ ನುಂಗಿಬಿಡುತ್ತಾರೆ, ನಾವೂ ನುಂಗಿದವರೇ. ಬೆಟ್ಟ ಎಂದರೆ ಹಸಿರು, ಮಂಜು, ಮುಗಿಲು ಎನ್ನುವ ಕವಿಗಳ ನಡುವೆ, ಈ ಕವಿ ಬೆಟ್ಟ ನೋಡಿ ಅದರೊಳಗಿನ ಅದಿರನ್ನು ಹಾಡಿಗೆ ತಂದಿದ್ದಾರೆ. ನಿಸಾರ್ ಅಹಮದರು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದುದು ಭೂವಿಜ್ಞಾನ.